ಸೆಟ್ಲ್ ಆದ ಆಷಾಢ

ಹೋದ ವಾರ ಗಿರಿನಗರದ ಒಂದು ಮನೆಗೆ ಬಾಲ್ಕನಿ ಗ್ರಿಲ್ಲಿನ ಅಳತೆ ತೆಗೆಯಲು ಹೋಗಿದ್ದೆ. ಪಕ್ಕದ ಮನೆಯ ಗೇಟಿಗೆ ಯಾರೋ ರಸ್ತೆಯಲ್ಲೇ ಕೂತು ವೆಲ್ಡಿಂಗ್ ಮಾಡುತ್ತಿದ್ದರು. ಆಷಾಢದ ಗಾಳಿ ಬೇರೆ. ಸುಟ್ಟ ರಾಡಿನ ವಾಸನೆ ಸೀದಾ ಬಂದು ಮೂಗಿಗೆ ಬಡಿಯಿತು. ಕೈ ಸಡಿಲವಾಗಿ ಟೇಪು ಸರ್ರನೆ ಒಳಗೆ ಸುತ್ತಿಕೊಂಡು ಬೆರಳಿಗೆ ಗೀರಿತು. ಮನೆಯೊಡತಿ ಗಾಬರಿಯಾಗಿ, "ಯಾಕಮ್ಮ, ತಲೆ ಸುತ್ತಿ ಬಂತಾ? ನೀರು ಕೊಡ್ಲಾ?" ಎಂದರು. ತಲೆ ಸುತ್ತಿರಲಿಲ್ಲ. ಸಿಟ್ಟು ಬಂದಿತ್ತು. ಮೂರು ವರ್ಷದ ಹಿಂದಿನ ಆಷಾಢದ ಸಿಟ್ಟು. ಅದು ಇನ್ನೂ ಆರಿಲ್ಲ, ಆರಿಸಿಕೊಳ್ಳುವ ಆಸೆಯೂ ನನಗಿಲ್ಲ.

ಆಗ ಸಾರಕ್ಕಿಯಲ್ಲಿ ನಮ್ಮ ಶೆಡ್ ಇತ್ತು. ಮೇಲೆ ಶೀಟು, ಮುಂದೆ ಮಣ್ಣಿನ ಜಾಗ, ಗ್ರಿಲ್ಲು, ಗೇಟು, ಕಿಟಕಿ ಮಾಡುವ ಕೆಲಸ. ಜಯನಗರದ ಎಷ್ಟೋ ಮನೆಗಳ ಗೇಟು ತೆರೆದು ಮುಚ್ಚುವಾಗ ಕಿರುಗುಟ್ಟುವುದಿಲ್ಲ ಎಂದರೆ ಅದು ನಮ್ಮ ಮನೆಯವರ ಕೈಕೆಲಸ. ಅವರ ಹೆಸರು ಲೋಕೇಶ್. ಮಾತು ಕಮ್ಮಿ, ಕೈ ಜೋರು. ಮಾತಿನ ಭಾಗವನ್ನೆಲ್ಲ ದೇವರು ನನಗೇ ಕೊಟ್ಟಿದ್ದರಿಂದ ಆರ್ಡರು ಹಿಡಿಯುವುದು, ಚೌಕಾಸಿ, ಬಾಕಿ ವಸೂಲಿ ಎಲ್ಲ ನನ್ನದು. ಜಾಗ ಮಾತ್ರ ನಮ್ಮದಲ್ಲ, ಸಾರಕ್ಕಿ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇರುವ ಮುನಿಯಪ್ಪನವರದು.

ಆ ವರ್ಷ ಜ್ಯೇಷ್ಠದ ಕೊನೆಯಲ್ಲಿ ಮುನಿಯಪ್ಪನವರು ಶೆಡ್ಡಿಗೆ ಬಂದು ಕಬ್ಬಿಣದ ಸ್ಟೂಲಿನ ಮೇಲೆ ಕೂತರು. ಮಕ್ಕಳಿಗೆ ಪಾಲು ಮಾಡಬೇಕಾಗಿತ್ತಂತೆ. ಒಬ್ಬ ಬಿಲ್ಡರ್ ಪೂರ್ತಿ ಜಾಗ ಕೇಳಿದ್ದಾನಂತೆ.

"ಆಷಾಢದಲ್ಲಿ ನಾನು ಯಾವ ಪತ್ರಕ್ಕೂ ಸಹಿ ಹಾಕಲ್ಲ ಕಣಮ್ಮ," ಎಂದರು. "ಶ್ರಾವಣ ಬರೋದ್ರೊಳಗೆ ನೀವು ದುಡ್ಡು ಹೊಂದಿಸಿದ್ರೆ ಈ ಶೆಡ್ಡಿನಷ್ಟು ಜಾಗ ನಿಮಗೇ. ನಿಮ್ಮ ಕೈಲಿ ಆಗ್ಲಿಲ್ಲ ಅಂದ್ರೆ ಬಿಲ್ಡರ್‌ಗೆ. ಆಮೇಲೆ ನನ್ನನ್ನ ಬೈಕೋಬೇಡಿ."

ಬೈದುಕೊಳ್ಳುವಂಥದ್ದೇನೂ ಇರಲಿಲ್ಲ. ಬೇರೆಯವರಾಗಿದ್ದರೆ ಅಷ್ಟು ದಿನವನ್ನೂ ಕೊಡುತ್ತಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ದುಡ್ಡು ಚೀಟಿಯಲ್ಲಿ, ನನ್ನ ಒಡವೆಯಲ್ಲಿ ಇತ್ತು. ಉಳಿದದ್ದಕ್ಕೆ ಸಾಲ. ಸಾಲ ಸಿಕ್ಕರೆ ಶೆಡ್ ನಮ್ಮದು, ಸಿಗದಿದ್ದರೆ ಬೀದಿ. ಅಷ್ಟು ಸರಳವಾಗಿತ್ತು ಲೆಕ್ಕ.

ಆ ಆಷಾಢದ ಗಾಳಿಗೆ ಏನು ರೋಷವಿತ್ತೋ. ಜಯನಗರದಲ್ಲಿ ದಿನಕ್ಕೊಂದು ಮರ ಯಾರದೋ ಕಾರಿನ ಮೇಲೆ ಬೀಳುತ್ತಿತ್ತು. ನಮ್ಮ ಶೆಡ್ಡಿನ ಶೀಟೊಂದು ಬೋಲ್ಟು ಕಿತ್ತುಕೊಂಡು ಹಾರಿ ಎದುರಿನ ಹೂವಿನಂಗಡಿಯ ತಟ್ಟೆಗಳ ಮೇಲೆ ಅಪ್ಪಳಿಸಿತು. ಹೂವಿನಾಕೆ ನನ್ನನ್ನು ಬೈದ ಬೈಗುಳ ಬರೆಯುವಂತಿಲ್ಲ. ನಾನು ತಿರುಗಿ ಬೈದದ್ದಂತೂ ಬರೆಯಲೇಬಾರದು.

ಮನೆಯವರು ಬಿಳಿ ಅಂಗಿ ಹಾಕಿಕೊಂಡು ಸಾಲ ಕೇಳಲು ಹೊರಟರು. ಮೊದಲು ನಮ್ಮ ಖಾತೆಯಿದ್ದ ಬ್ಯಾಂಕು. ಆಮೇಲೆ ಬನಶಂಕರಿ, ಜೆ.ಪಿ. ನಗರ, ಬನ್ನೇರುಘಟ್ಟ ರಸ್ತೆ. ಎಲ್ಲ ಕಡೆಯೂ ಕಾಫಿ ಕೊಟ್ಟರು, ಕಂಪ್ಯೂಟರ್ ನೋಡಿದರು, ಮುಖ ಬದಲಾಯಿಸಿದರು. "ಸ್ಕೋರ್ ಬರ್ತಿಲ್ಲ ಸಾರ್." ಅಷ್ಟೇ. ಯಾವ ಸ್ಕೋರು, ಯಾಕೆ ಬರುತ್ತಿಲ್ಲ, ಯಾರು ಕೊಟ್ಟಿದ್ದು, ಒಬ್ಬರೂ ಬಾಯಿ ಬಿಡಲಿಲ್ಲ. ಒಂದು ಕಡೆ ಇಲ್ಲ ಎಂದರೆ ಇವರು ಇನ್ನೊಂದು ಕಡೆ ಹೋಗುತ್ತಿದ್ದರು. ನಾನೇ ಕಳಿಸುತ್ತಿದ್ದೆ.

ಕೊನೆಗೆ ಒಬ್ಬ ಮ್ಯಾನೇಜರ್ ಅಂದನಂತೆ, "ಸಾರ್, ನೀವು ಎಷ್ಟು ಕಡೆ ಕೇಳ್ತೀರೋ ಅಷ್ಟು ಸ್ಕೋರ್ ಇಳಿಯುತ್ತೆ. ದಯವಿಟ್ಟು ಕೇಳೋದು ನಿಲ್ಸಿ." ಮನೆಯವರು ಶೆಡ್ಡಿಗೆ ವಾಪಸು ಬಂದರು. ಬಿಳಿ ಅಂಗಿ ಬಿಚ್ಚಲಿಲ್ಲ. ಜಯನಗರದ ಡಾಕ್ಟರೊಬ್ಬರ ಮನೆಗೆಂದು ಮಾಡಿ, ಪೇಂಟು ಬಳಿದು ಒಣಗಲು ನಿಲ್ಲಿಸಿದ್ದ ಗೇಟಿನ ಮುಂದೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ದೊಡ್ಡ ಸುತ್ತಿಗೆ ಎತ್ತಿಕೊಂಡು ಹೊಡೆಯಲು ಶುರು ಮಾಡಿದರು. ಹೂವಿನ ಡಿಸೈನು ಮೊದಲು ಹೋಯಿತು. ಆಮೇಲೆ ಅಡ್ಡಪಟ್ಟಿ. ಗೇಟು ಬಗ್ಗಿ, ಮಡಚಿ, ನೆಲಕ್ಕೆ ಬಿದ್ದ ಮೇಲೂ ಬಿಡಲಿಲ್ಲ. ಕೆಲಸದವರೆಲ್ಲ ರಸ್ತೆಗೆ ಓಡಿದರು. ನಾನು ಹಿಂದಿನಿಂದ ಸೊಂಟ ಹಿಡಿದು ಎಳೆದರೆ ನನ್ನನ್ನೂ ಕೊಡವಿ ತಳ್ಳಿದರು. ಹದಿನೈದು ದಿನದ ಕೆಲಸ ಗುಜರಿಯಾಯಿತು. ಆಮೇಲೆ ಸುತ್ತಿಗೆ ಬಿಸಾಡಿ, "ಕೇಳಿದ್ರೂ ತಪ್ಪಂತೆ ಕಣೇ ಲಕ್ಷ್ಮೀ," ಎಂದು ಕೂತುಬಿಟ್ಟರು. ನಾನು ಮದುವೆಯಾದ ಮೇಲೆ ಆ ಮನುಷ್ಯ ಒಂದು ಲೋಟವನ್ನೂ ಎತ್ತಿ ಎಸೆದಿರಲಿಲ್ಲ. ನನಗೆ ಭಯವಾಯಿತು.

ಮಾರನೆಯ ದಿನ ನಾನೇ ಹೊರಟೆ. ಜೆ.ಪಿ. ನಗರದ ಫೈನಾನ್ಸ್ ಕಂಪನಿಯೊಂದರಲ್ಲಿ ಬಸವರಾಜ ಅಂತ ಒಬ್ಬ ಹುಡುಗ, ವಿಜಯಪುರದ ಕಡೆಯವನು, ಬಿ.ಟಿ.ಎಂ.ನಲ್ಲಿ ರೂಮು ಮಾಡಿಕೊಂಡಿದ್ದ. ಮನೆಯವರಿಗೆ ಇಲ್ಲ ಎಂದವರಲ್ಲಿ ಅವನೂ ಒಬ್ಬ. ಅವನ ಮೇಜಿನ ಮುಂದೆ ಕೂತು, "ಕಾಫಿ ಬೇಡ. ಲೆಕ್ಕ ಹೇಳು. ಹೇಳೋವರೆಗೂ ಏಳಲ್ಲ," ಎಂದೆ.

ಅವನು ಆಚೀಚೆ ನೋಡಿದ. "ಏನೇನ ನೋಡ್ತಾರ ಅನ್ನೋದು ಹೇಳ್ತೀನ್ರಿ ಅಕ್ಕಾರ. ಕಂತು ಟೈಮಿಗೆ ಸರಿಯಾಗಿ ಕಟ್ಟೀರೋ ಇಲ್ಲೋ, ಅದು ಎಲ್ಲಾದಕ್ಕಿಂತ ದೊಡ್ಡದು. ಕಾರ್ಡ್ ಇದ್ರ ಅದರಾಗ ಎಷ್ಟು ಬಳಸೀರಿ. ಸಾಲಾ ತಗೊಳ್ಳಾಕ ಶುರು ಮಾಡಿ ಎಷ್ಟು ವರ್ಷ ಆತು. ಬಂಗಾರದ ಸಾಲ, ಗಾಡಿ ಸಾಲ, ಹಂಗ ಎಷ್ಟು ನಮೂನಿ ಅದಾವು. ಈಗ ಹೊಸದಾಗಿ ಎಷ್ಟು ಕಡೆ ಕೇಳೀರಿ. ಇಷ್ಟೂ ಸೇರಿ ಮುನ್ನೂರರಿಂದ ಒಂಬೈನೂರರ ನಡುವ ಒಂದು ನಂಬರ್ ಬರತೈತಿ."

"ಸೇರಿಸೋದು ಹೇಗೆ? ಯಾವ್ದಕ್ಕೆ ಎಷ್ಟು ಮಾರ್ಕ್ಸು?"

"ಅದು ಗೊತ್ತಿಲ್ರಿ."

"ನಿನಗೇ ಗೊತ್ತಿಲ್ವಾ?"

"ನಮಗೂ ಹೇಳಂಗಿಲ್ರಿ. ನಂಬರ್ ಅಷ್ಟ ಬರತೈತಿ. ಲೆಕ್ಕಾ ಗೊತ್ತಾದ್ರ ಮಂದಿ ಅದಕ್ಕ ತಕ್ಕಂಗ ಆಟ ಆಡ್ತಾರಂತ. ನಂಬರ್ ಏರಿಸಿ, ಸಾಲಾ ತಗೊಂಡು, ಕೈ ಎತ್ತಿಬಿಡ್ತಾರಂತ. ಮ್ಯಾಲೆ ಆ ಲೆಕ್ಕಾನ ಈ ಸ್ಕೋರ್ ಕೊಡೋ ಕಂಪನಿಯವರ ಬಂಡವಾಳ ನೋಡ್ರಿ. ಹೊರಗ ಬಿಟ್ರ ಇನ್ನೊಬ್ಬಾಂವ ಅದನ್ನ ಕದ್ದು ಅಂಗಡಿ ತಗೀತಾನ."

ಮೊದಲನೆಯ ಮಾತಿನಲ್ಲಿ ಹುರುಳಿಲ್ಲ ಎಂದು ಹೇಳಲಾರೆ. ಪ್ರಶ್ನೆಪತ್ರಿಕೆ ಮೊದಲೇ ಬಯಲಾದರೆ ಪರೀಕ್ಷೆ ಯಾಕೆ? ಎರಡನೆಯದೂ ಅರ್ಥವಾಯಿತು. ನಮ್ಮತ್ತೆ ಸಾರಿನಪುಡಿಯ ಅಳತೆಯನ್ನು ಸಾಯುವವರೆಗೂ ನನಗೆ ಹೇಳಲಿಲ್ಲ. ಆದರೆ ಅತ್ತೆಯ ಸಾರು ಕೆಟ್ಟರೆ ಉಂಡವರಿಗೆ ಗೊತ್ತಾಗುತ್ತಿತ್ತು, ತಟ್ಟೆ ತಳ್ಳಿ ಏಳಬಹುದಿತ್ತು. ಇವರ ಅಡುಗೆಯಲ್ಲಿ ಕುದಿಯುವವರು ನಾವು. ಎಷ್ಟು ಬೆಂದಿದ್ದೇವೆ ಎಂದು ಬೇರೆ ಯಾರೋ ರುಚಿ ನೋಡಿ ಹೇಳುತ್ತಾರೆ. ಇದನ್ನೇ ಅವನಿಗೆ ಗಟ್ಟಿಯಾಗಿ ಹೇಳಿದೆ. ಪಕ್ಕದ ಮೇಜಿನವರೆಲ್ಲ ತಿರುಗಿದರು.

"ಜೋರ್ ಮಾತಾಡಬ್ಯಾಡ್ರಿ ಅಕ್ಕಾರ, ನನ್ನ ನೌಕರಿ ಹೋಗತೈತಿ," ಎಂದು ಬೇಡಿಕೊಂಡ ಆ ಹುಡುಗ. "ಲೆಕ್ಕಾ ಕೇಳಾಕ ಬರಂಗಿಲ್ಲ. ಆದ್ರ ನಿಮ್ಮ ರಿಪೋರ್ಟ್ ಕೇಳಬಹುದು. ವರ್ಷಕ್ಕ ಒಮ್ಮೆ ಪುಕ್ಕಟೆ ಕೊಡ್ತಾರ. ಯಾವ ಸಾಲದಾಗ ಏನ್ ಬರದಾರ ಅಂತ ಅದರಾಗ ಕಾಣತೈತಿ." ನನ್ನ ಮೊಬೈಲಿನಲ್ಲಿ ಮನೆಯವರ ಪ್ಯಾನು, ಆಧಾರ್ ನಂಬರೆಲ್ಲ ಹಾಕಿಸಿ, ಅವರಿಗೆ ಫೋನ್ ಮಾಡಿ ಓಟಿಪಿ ತರಿಸಿ, ಅಲ್ಲೇ ತೆಗೆದುಕೊಟ್ಟ.

ಎಲ್ಲ ಸರಿಯಾಗಿತ್ತು. ಸ್ಕೂಟರ್ ಸಾಲ, ಚಿನ್ನದ ಸಾಲ, ಎಲ್ಲದರ ಮುಂದೆ ಮುಗಿದಿದೆ ಎಂದಿತ್ತು. ಬಸವರಾಜನ ಬೆರಳು ಒಂದು ಕಡೆ ನಿಂತಿತು. ವೆಲ್ಡಿಂಗ್ ಮೆಷಿನ್ನಿಗೆ ತೆಗೆದುಕೊಂಡಿದ್ದ ಹಳೆಯ ಸಾಲ. ಅದರ ಮುಂದೆ ಒಂದೇ ಪದ. "ಇದ ನೋಡ್ರಿ ನಿಮ್ಮನ್ನ ಹೊಡದದ್ದು. ಸೆಟಲ್ಡ್."

ನಾನು ನಕ್ಕುಬಿಟ್ಟೆ. "ಹೌದಪ್ಪ, ಸೆಟ್ಲ್ ಮಾಡಿದೀವಲ್ಲ! ನಾನೇ ನಿಂತು ಮಾಡ್ಸಿದ್ದು!"

ಅವನು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದೆ. ಆಸ್ಪತ್ರೆಯಲ್ಲಿ ಹಾಗೆ ನೋಡುತ್ತಾರೆ.

ಆ ಸಾಲದ ಕಥೆ ಹೇಳಬೇಕು. ಲಾಕ್‌ಡೌನ್ ವರ್ಷ ಶೆಡ್ ಮುಚ್ಚಿದ್ದಾಗ ಮೆಷಿನ್ನಿನ ಕಂತು ಕೆಲವು ತಿಂಗಳು ತಪ್ಪಿತ್ತು. ಶೆಡ್ ತೆರೆದ ವಾರವೇ ವಸೂಲಿಯವರು ಬಂದರು. ಅವರಲ್ಲಿ ಮುಂದಾಳು ಜಗ್ಗ ಎಂಬವನು, ಕಪ್ಪು ಟೀ ಶರ್ಟು, ಬಾಯಲ್ಲಿ ಗುಟ್ಕಾ. ಮೆಷಿನ್ನಿನ ವೈರನ್ನು ಕತ್ತರಿಸಿ ಎಳೆದ. ಮನೆಯವರು "ಒಂದು ತಿಂಗಳು ಟೈಮ್ ಕೊಡಿ ಅಣ್ಣ," ಎಂದು ಅಡ್ಡ ಬಂದರೆ, ಕೆಲಸದವರ ಎದುರೇ ಕೆನ್ನೆಗೆ ಬಾರಿಸಿದ. ಆ ಸದ್ದು ಶೀಟಿನ ಶೆಡ್ಡಿನಲ್ಲಿ ಎರಡು ಸಲ ಕೇಳಿದ ಹಾಗಾಯಿತು. ನಾನು ಕೈಬಳೆ ಬಿಚ್ಚುತ್ತಲೇ ಕಿರುಚಿದೆ, "ಮುಟ್ಬೇಡ ಅವರನ್ನ! ಎಷ್ಟಾಗುತ್ತೆ ಹೇಳು, ಇವತ್ತೇ ಸೆಟ್ಲ್ ಮಾಡಿಬಿಡ್ತೀನಿ!" ಅಡವಿಟ್ಟು ದುಡ್ಡು ತಂದೆ. ಜಗ್ಗ ಎಣಿಸಿಕೊಂಡು, ಬಡ್ಡಿ ದಂಡದಲ್ಲಿ ಸ್ವಲ್ಪ ಬಿಟ್ಟು, "ನೀವು ಹೇಳ್ದಂಗೇ ಸೆಟ್ಲ್‌ಮೆಂಟ್ ಹಾಕ್ತೀನಿ ಅಕ್ಕ, ಇಲ್ಲೊಂದು ಸೈನ್ ಹಾಕಿಸಿ," ಎಂದ. ಬಿಟ್ಟದ್ದನ್ನು ಕಂಡು ನಾಯಿಗೂ ಸ್ವಲ್ಪ ಕರುಣೆ ಇದೆ ಎಂದುಕೊಂಡಿದ್ದೆ.

ನಮ್ಮಲ್ಲಿ ಸೆಟ್ಲ್ ಎಂಬುದು ಎಂಥ ಮಾತು! ಮಗಳಿಗೆ ಗಂಡು ನೋಡುವಾಗ "ಹುಡುಗ ಸೆಟ್ಲ್ ಆಗಿದಾನಾ?" ಎಂದು ಕೇಳುತ್ತೇವೆ. ಹೋಟೆಲಿನಲ್ಲಿ ಬಿಲ್ಲು ಸೆಟ್ಲ್, ಜಗಳವೂ ಸೆಟ್ಲ್. ಮುಗಿಯಿತು, ಬಾಕಿ ಇಲ್ಲ, ಮರ್ಯಾದೆ ಉಳಿಯಿತು ಎಂದು ಅರ್ಥ. ಆ ರಿಪೋರ್ಟಿನ ಭಾಷೆಯಲ್ಲಿ ಅದರ ಅರ್ಥವೇ ಬೇರೆಯಂತೆ. ಪೂರ್ತಿ ಕಟ್ಟಿದರೆ 'ಕ್ಲೋಸ್ಡ್' ಎಂದು ಬರೆಯುತ್ತಾರೆ. ಸೆಟಲ್ಡ್ ಎಂದರೆ ಇವನು ಪೂರ್ತಿ ಕಟ್ಟಲಾರದೆ ಕೈಚೆಲ್ಲಿದ, ಸಿಕ್ಕಷ್ಟು ಕಿತ್ತುಕೊಂಡು ಬಿಟ್ಟಿದ್ದೇವೆ ಎಂದು. ವರ್ಷಗಟ್ಟಲೆ ಅಳಿಸುವುದಿಲ್ಲ. ಜಗ್ಗ ಬಿಟ್ಟ ಆ ಚಿಲ್ಲರೆ ದುಡ್ಡಿಗಾಗಿ ನಮ್ಮ ಮನೆಯವರ ಹೆಸರಿಗೆ ಆ ಮುದ್ರೆ ಬಿದ್ದಿತ್ತು. ಪೂರ್ತಿ ಕೊಡು ಎಂದಿದ್ದರೆ ಆವತ್ತೇ ಕಿವಿಯೋಲೆಯನ್ನೂ ಬಿಚ್ಚಿಕೊಡುತ್ತಿದ್ದೆ. ಒಂದು ಮಾತು ಹೇಳಲಿಲ್ಲವಲ್ಲ ಪಾಪಿ!

"ಬಿಟ್ಟ ರೊಕ್ಕಾ ಈಗ ಕಟ್ಟಿ, ಕ್ಲೋಸ್ ಅಂತ ಲೆಟರ್ ತಗೊಂಡ್ರ ತಿದ್ದಾಕ ಬರತೈತ್ರಿ," ಎಂದ ಬಸವರಾಜ. "ತಿಂಗಳಾದ್ರೂ ಹಿಡೀತದ. ಲಗೂನ ಹೋಗ್ರಿ."

ಆಷಾಢದಲ್ಲಿ ಅರ್ಧ ಆಗಲೇ ಮುಗಿದಿತ್ತು. ದುಡ್ಡು ಹಿಡಿದುಕೊಂಡು ನಾವಿಬ್ಬರೂ ಬಿ.ಟಿ.ಎಂ.ನ ವಸೂಲಿ ಆಫೀಸಿಗೆ ಹೋದೆವು. ನೆಲಮಹಡಿಯಲ್ಲಿ ಒಂದು ಮಳಿಗೆ, ಮುಂದೆ ರೋಲಿಂಗ್ ಶಟರ್, ಒಳಗೆ ಗಾಜಿನ ಪಾರ್ಟಿಷನ್. ಹೊರಗೆ ಮಳೆ ಅಡ್ಡಡ್ಡ ಬೀಳುತ್ತಿತ್ತು. ಜಗ್ಗ ಈಗ ಅಲ್ಲಿ ಸಣ್ಣ ಯಜಮಾನನಾಗಿದ್ದ. ಕುರ್ಚಿ ಕೊಟ್ಟ, ಸುದ್ದಿ ಕೇಳಿದ, ನಕ್ಕ.

"ಹಳೇ ಫೈಲು ಅಕ್ಕ, ಈಗ ಎಲ್ಲಿ ಕೆದಕ್ಲಿ? ಆವತ್ತು ನೀವೇ ಅಲ್ವಾ, ಸೆಟ್ಲ್ ಸೆಟ್ಲ್ ಅಂತ ಬಾಯಿ ಬಡ್ಕೊಂಡಿದ್ದು?"

"ಬಾಕಿ ದುಡ್ಡು ತಂದಿದೀವಿ. ಕ್ಲೋಸ್ ಅಂತ ಬರ್ಸಿಕೊಡಿ," ಎಂದರು ಮನೆಯವರು. ದುಡ್ಡಿನ ಕವರನ್ನು ಎರಡೂ ಕೈಯಲ್ಲಿ ಮುಂದಿಟ್ಟರು.

ಜಗ್ಗ ಕವರು ಮುಟ್ಟಲಿಲ್ಲ. ಅಲ್ಲಿದ್ದ ತನ್ನ ಹುಡುಗರ ಕಡೆ ಕಣ್ಣು ಹೊಡೆದು ಕೇಳಿದ. "ಏನಣ್ಣ, ಆವತ್ತಿನ ಕೆನ್ನೆ ಉರಿ ಹೋಯ್ತಾ?"

ಹುಡುಗರು ನಕ್ಕರು. ಆ ನಗು ಇನ್ನೂ ಮುಗಿದಿರಲಿಲ್ಲ. ಮನೆಯವರು ಮೇಜಿನ ಮೇಲಿಂದಲೇ ಅವನ ಕೊರಳಪಟ್ಟಿ ಹಿಡಿದು ಎಳೆದು ಗಾಜಿಗೆ ಗುದ್ದಿದರು. ಪಾರ್ಟಿಷನ್ ಇಡೀ ಕುಸಿಯಿತು. ಜಗ್ಗನ ಹಣೆಯಿಂದ ರಕ್ತ ಚಿಮ್ಮಿತು. ಕಬ್ಬಿಣ ಬಗ್ಗಿಸಿದ ಕೈ ಅದು, ಇನ್ನೊಂದು ಸಲ ಎತ್ತಿ ಗೋಡೆಗೆ ಬಡಿದರು. ಅಷ್ಟರಲ್ಲಿ ಹುಡುಗರು ನಾಲ್ಕೂ ಕಡೆಯಿಂದ ಇವರ ಮೇಲೆ ಬಿದ್ದರು. ಹೆಲ್ಮೆಟ್ಟಿನಲ್ಲಿ ಬೆನ್ನಿಗೆ, ತಲೆಗೆ, ಮೊಣಕಾಲಿನ ಹಿಂದೆ. ಇವರು ಒಂದು ಸಲವೂ ಅಯ್ಯೋ ಎನ್ನಲಿಲ್ಲ. ಹುಡುಗರು ಇವರ ಕೂದಲು ಹಿಡಿದು ಬಾಗಿಲ ಹೊರಗೆ ಎಳೆದುಕೊಂಡು ಹೋಗಿ ಕೆಸರಿಗೆ ನೂಕಿದರು. ಇವರು ಎದ್ದು ಮತ್ತೆ ಒಳಗೆ ನುಗ್ಗಲು ಹೊಸ್ತಿಲಿಗೆ ಕೈ ಊರಿದರು. ಒಳಗಿಂದ ಯಾವನೋ ಶಟರ್ ಎಳೆದ. ಒಂದೇ ಏಟಿಗೆ, ಪೂರ್ತಿ ಕೆಳಗೆ.

ಇವರು ಆಗ ಕೂಗಿದರು.

ನಾನು ಇನ್ನೂ ಒಳಗೇ ಇದ್ದೆ. ಶಟರಿನ ಕೆಳಗೆ ಅವರ ಬಲಗೈ ಬೆರಳುಗಳು ಒಳಗೆ ಕಾಣುತ್ತಿದ್ದವು. ನೆಲದ ಮೇಲಿದ್ದ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಜಗ್ಗನ ಕಿವಿಯ ಮೇಲೆ ಅಪ್ಪಳಿಸಿದೆ. ಅವನು ಗಾಜಿನ ಚೂರುಗಳ ಮೇಲೆ ಬಿದ್ದ. ಉಳಿದವರು ಬೆದರಿ ಶಟರ್ ಎತ್ತಿದರು. ಹೊಡೆದದ್ದಕ್ಕೆ ನನಗೆ ಯಾವತ್ತೂ ಪಶ್ಚಾತ್ತಾಪವಾಗಿಲ್ಲ. ಒಂದೇ ಸಲ ಹೊಡೆದೆನಲ್ಲ ಎಂದು ಆಗಾಗ ಅನ್ನಿಸುವುದುಂಟು.

ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಸಮಾಧಾನದ ಮನುಷ್ಯ. "ನೋಡಮ್ಮ, ಅವನ ಕಿವಿ ಹರಿದಿದೆ, ನಿಮ್ಮೋರ ಕೈ ಜಜ್ಜಿದೆ. ಕೇಸು ಅಂದ್ರೆ ಎರಡೂ ಕಡೆಗೂ ಆಗುತ್ತೆ. ಕೂತ್ಕೊಂಡು ಸೆಟ್ಲ್ ಮಾಡ್ಕೊಳ್ಳಿ."

"ಸಾರ್," ಎಂದು ನಾನು ಅರಚಿದ್ದಕ್ಕೆ ಬರೆಯುತ್ತಿದ್ದ ಕಾನ್‌ಸ್ಟೇಬಲ್ ಪೆನ್ನು ಕೆಳಗಿಟ್ಟ. "ನಿಮ್ಮ ಕಾಲಿಗೆ ಬೀಳ್ತೀನಿ, ಅದೊಂದು ಮಾತು ಆಡ್ಬೇಡಿ. ಜೈಲಿಗೆ ಬೇಕಾದ್ರೆ ಹಾಕಿ."

ಜೈಲಿಗೆ ಯಾರೂ ಹೋಗಲಿಲ್ಲ. ಸಾಲ ಕೊಟ್ಟಿದ್ದ ಕಂಪನಿಯವರು ಮಾತ್ರ ಹೆದರಿದರು. ವಸೂಲಿಗೆ ಬಿಟ್ಟವರ ಹೊಡೆದಾಟ ಹೊರಗೆ ಬಂದರೆ ಕಷ್ಟ ಎಂದು, ನಾನು ಆಸ್ಪತ್ರೆಯ ವರಾಂಡದಲ್ಲಿ ಕೂತಿದ್ದಾಗ ಒಬ್ಬ ಟೈ ಕಟ್ಟಿದವನು ಬಂದು ಬಾಕಿ ದುಡ್ಡು ತೆಗೆದುಕೊಂಡು ಕ್ಲೋಸ್ ಎಂದು ಬರೆದ ಪತ್ರ ಕೊಟ್ಟ. ಕೇಳಿದರೆ ಸಿಗಲಿಲ್ಲ, ಹೊಡೆದ ಮೇಲೆ ಸಿಕ್ಕಿತು. ಇದರಿಂದ ಏನು ಪಾಠ ಕಲಿಯಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಸವರಾಜ ಆ ಪತ್ರವನ್ನು ಎಲ್ಲಿಗೆ ಕಳಿಸಬೇಕೋ ಅಲ್ಲಿಗೆ ಕಳಿಸಿದ. ದಿನವೂ ಫೋನ್ ಮಾಡುತ್ತಿದ್ದೆ. "ಇನ್ನಾ ತಿದ್ದಿಲ್ರಿ ಅಕ್ಕಾರ," ಎನ್ನುತ್ತಿದ್ದ. ಅವನ ದನಿಯೇ ಸಣ್ಣದಾಗುತ್ತ ಹೋಯಿತು.

ಭೀಮನ ಅಮಾವಾಸ್ಯೆ ಬಂತು. ಆಷಾಢ ಮುಗಿಯಿತು. ಗಂಡನ ಪಾದಪೂಜೆಯ ದಿನ ನಾನು ಅವರ ಬ್ಯಾಂಡೇಜಿನ ಕೈಗೆ ತುತ್ತು ಕೊಡಲಾಗದೆ ಬಾಯಿಗೇ ತಿನ್ನಿಸಿದೆ. ಮುನಿಯಪ್ಪನವರು ಶ್ರಾವಣದಲ್ಲೂ ಇನ್ನಷ್ಟು ದಿನ ಕಾದರು. ಆಮೇಲೆ ಬಂದು, ಈ ಸಲ ಕೂರದೆ, "ಮಕ್ಕಳು ಬಿಡ್ತಿಲ್ಲಮ್ಮ," ಎಂದರು. ಅವರ ಕಣ್ಣು ಮನೆಯವರ ಕೈ ಮೇಲಿತ್ತು.

ಜೆಸಿಬಿ ಬೆಳಗ್ಗೆಯೇ ಬಂತು. ಮೊದಲನೇ ಗುದ್ದಿಗೆ ಮುಂದಿನ ಕಂಬ ಮುರಿಯಿತು. ಮನೆಯವರೇ ನೆಟ್ಟು, ವೆಲ್ಡ್ ಮಾಡಿದ ಕಂಬ. ಹಿಂದಿನದು ಬಗ್ಗಲಿಲ್ಲ. ಜೆಸಿಬಿಯವನು ಹಿಂದೆ ಹೋಗಿ ಹೋಗಿ ಬಂದು ಗುದ್ದಿದ. ಬೆಸುಗೆ ಬಿಡಲೇ ಇಲ್ಲ, ಕೊನೆಗೆ ಬುಡದ ಕಾಂಕ್ರೀಟನ್ನೇ ಕಿತ್ತುಹಾಕಿದ. ನಾನು ಜೆಸಿಬಿಗೆ, ಬಿಲ್ಡರಿಗೆ, ಜಗ್ಗನಿಗೆ, ಆ ಲೆಕ್ಕ ಬರೆದು ಬೀಗ ಹಾಕಿಟ್ಟವನಿಗೆ, ಎಲ್ಲರಿಗೂ ಮಣ್ಣು ತೂರಿ ಶಾಪ ಹಾಕಿದೆ. ಮನೆಯವರು ಆ ಕಂಬದ ಬೆಸುಗೆಯನ್ನೇ ನೋಡುತ್ತಿದ್ದರು.

ಈಗ ನಾನು ಅಳತೆ ತೆಗೆದು ಆರ್ಡರು ತರುತ್ತೇನೆ, ಬೇರೆಯವರ ಶೆಡ್ಡಿನಲ್ಲಿ ಕೆಲಸವಾಗುತ್ತದೆ. ಮನೆಯವರು ಅಲ್ಲಿ ನಿಂತು ಹುಡುಗರಿಗೆ ಹೇಳಿಕೊಡುತ್ತಾರೆ. ಬಲಗೈಯ ಬೆರಳುಗಳು ಮಡಚುವುದಿಲ್ಲ, ರಾಡು ಹಿಡಿಯಲಾಗುವುದಿಲ್ಲ. ಸೆಟಲ್ಡ್ ಎಂಬುದು ಆ ವರ್ಷದ ದಸರಾ ಹೊತ್ತಿಗೆ ಕ್ಲೋಸ್ಡ್ ಆಯಿತು. ಸ್ಕೋರು ಏರಿತು, ಆಮೇಲೂ ಏರುತ್ತಲೇ ಹೋಯಿತು. ಹೊಸ ಸಾಲವನ್ನೇ ಕೇಳದ ಮನುಷ್ಯನಿಗೆ ಏರದೆ ಏನಾಗುತ್ತದೆ?

ಗಿರಿನಗರದಿಂದ ನಾನು ಮನೆಗೆ ಬಂದಾಗ ಮನೆಯವರ ಫೋನು ಮೇಜಿನ ಮೇಲೆ ಹೊಡೆದುಕೊಳ್ಳುತ್ತಿತ್ತು. ಇವರು ಎಡಗೈಯಲ್ಲಿ ಎತ್ತಿ ಸ್ಪೀಕರಿಗೆ ಹಾಕಿದರು. ಒಂದು ಹೆಣ್ಣುಮಗಳು, ಎಳೆ ದನಿ. "ಲೋಕೇಶ್ ಸಾರ್, ಕಂಗ್ರಾಜುಲೇಷನ್ಸ್. ನಿಮ್ಮ ಸ್ಕೋರ್ ತುಂಬಾ ಚೆನ್ನಾಗಿದೆ. ನಿಮಗೆ ಬಿಸಿನೆಸ್ ಲೋನ್ ರೆಡಿ ಇದೆ ಸಾರ್, ಹೊಸ ಶೆಡ್, ಮೆಷಿನ್, ಯಾವುದಕ್ಕಾದ್ರೂ ತಗೋಬಹುದು."

ನಾನು ಫೋನು ಕಿತ್ತುಕೊಳ್ಳಲು ಹೋದೆ. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಅವರು ಕೈ ಅಡ್ಡ ಹಿಡಿದರು.

"ಅದ್ರಲ್ಲಿ ಏನೇನು ಲೆಕ್ಕಕ್ಕೆ ತಗೊಂಡಿದೀರಮ್ಮ?" ಎಂದು ಕೇಳಿದರು, ಮೆತ್ತಗೆ.

"ಫಾರ್ಮುಲಾ ನಮಗೂ ಗೊತ್ತಿರಲ್ಲ ಸಾರ್. ನಿಮ್ಮ ಡೀಟೇಲ್ಸ್ ಮಾತ್ರ ಕಾಣುತ್ತೆ."

"ಹಂಗಾದ್ರೆ ನೋಡಿ ಹೇಳಮ್ಮ. ನನ್ನ ಬಲಗೈದು ಏನಾದ್ರೂ ಬರ್ದಿದಾರಾ?"

ಆ ಕಡೆ ಕೀಬೋರ್ಡು ಟಕಟಕ ಎಂದಿತು. ಪಾಪದ ಹುಡುಗಿ, ನಿಜವಾಗಿಯೂ ಹುಡುಕುತ್ತಿದ್ದಳು.

"ಆ ಥರ ಕಾಲಮ್ ಇಲ್ಲ ಸಾರ್," ಎಂದಳು.